ಗಡಿಕಲ್ಲು ಹಿಡಿದು ನಿಂತ ಕಾಶವ್ವ

ನಾನು ನಿಂತಿದ್ದು ಬನಹಟ್ಟಿಯಿಂದ ರಬಕವಿಗೆ ಹೋಗುವ ರಸ್ತೆಯ ಗಡಿಕಲ್ಲಿನಿಂದ ಹನ್ನೆರಡು ಹೆಜ್ಜೆ ಈಚೆಗೆ, ಒಂದು ಜಾಲಿಗಿಡದ ಪಕ್ಕದಲ್ಲಿ. ಸಂಸ್ಥಾನಗಳು ವಿಲೀನವಾಗುವುದಕ್ಕೆ ಹತ್ತು ವರ್ಷ ಮೊದಲಿನ ಬೇಸಿಗೆ. ಮಂಗಳವಾರ, ಬೆಳಗಿನ ಹತ್ತು ಗಂಟೆ ದಾಟಿತ್ತು. ಆ ಹೆಜ್ಜೆಗಳನ್ನು ಆಮೇಲೆ ನಾನು ಹಲವು ಸಲ ಹೋಗಿ ಎಣಿಸಿ ಬಂದಿದ್ದೇನೆ.

ಬನಹಟ್ಟಿ ಆಗ ಜಮಖಂಡಿ ಸಂಸ್ಥಾನದ ಊರು. ಕೂಗಿದರೆ ಕೇಳುವಷ್ಟು ಹತ್ತಿರದ ರಬಕವಿ ಸಾಂಗಲಿ ಸಂಸ್ಥಾನದ್ದು. ನಾನು ಬನಹಟ್ಟಿಯ ಒಂದು ಔಷಧಾಲಯದಲ್ಲಿ ಕಂಪೌಂಡರ್ ಆಗಿದ್ದೆ. ಔಷಧಿ ಬೆರೆಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ನನ್ನ ಕೆಲಸ. ರೋಗ ಇಂಥದ್ದೆಂದು ಹೇಳುವುದು ಡಾಕ್ಟರರ ಕೆಲಸ. ಆ ದಿನ ಡಾಕ್ಟರರು ಜಮಖಂಡಿಗೆ ಹೋಗಿದ್ದರು.

ನೇಕಾರರ ಓಣಿಗಳಲ್ಲಿ ಹಾಸಿಗೆ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ನೂಲಿಗೆ, ಗಂಜಿ ಹಾಕುವುದು ಬೀದಿಯಲ್ಲಿಯೇ. ಬಿಸಿಲೇರುವ ಮೊದಲು ಹಾಸನ್ನು ಓಣಿಯುದ್ದಕ್ಕೂ ಎಳೆದು ಬಿಗಿದು, ಬಿಸಿ ಗಂಜಿ ಸವರಿ, ಕುಂಚದಿಂದ ತಿಕ್ಕಿ ಒಣಗಿಸುತ್ತಿದ್ದರು. ಒಬ್ಬರಿಂದ ಆಗುವ ಕೆಲಸವಲ್ಲ. ಇಂದು ಒಬ್ಬರ ಹಾಸು, ನಾಳೆ ಇನ್ನೊಬ್ಬರದು. ಓಣಿಯ ಎಲ್ಲರ ಕೈಯೂ ಎಲ್ಲರ ನೂಲಿನ ಮೇಲೆ ಆಡುತ್ತಿತ್ತು. ಮುಂದೆ ನಡೆದದ್ದು ಇದರಿಂದಲೇ.

ಎಂಟು ಗಂಟೆಗೆ ಕಾಶವ್ವ ಬಂದಳು. ಮೂವತ್ತೈದರ ಆಸುಪಾಸಿನ ವಿಧವೆ. ಮನೆಯಲ್ಲಿ ಒಂದು ಮಗ್ಗ, ಅವಳು, ಅಷ್ಟೇ. ಗಂಜಿಯ ಹಂಡೆ ಇಳಿಸುವಾಗ ಬಲಗೈಯ ಮೂರು ಬೆರಳು ಸುಟ್ಟು ಬೊಬ್ಬೆ ಎದ್ದಿದ್ದವು. ನಾನು ಚರ್ಮ ಕತ್ತರಿಸುವಾಗಲೂ ಅವಳು ಕೈ ಎಳೆದುಕೊಳ್ಳಲಿಲ್ಲ.

"ಉರಿಯೂದಿಲ್ಲೇನವ್ವ?" ಎಂದೆ.

"ಗಂಜ್ಯಾಗ ಬೆಂದ ಕೈ ಅದಾವ್ರಿ ಇವು. ಉರಿ ಬ್ಯಾಸತ್ತು ಎದ್ದ ಹೋಗೇತಿ" ಎಂದು ನಕ್ಕಳು.

ಬಾಕಿನ ಮೇಲೆ ಕುಳಿತಿದ್ದ ರೋಗಿಗಳೂ ನಕ್ಕರು. ನನಗೆ ನಗು ಬರಲಿಲ್ಲ. ಎರಡು ಗಾಜಿನ ನಳಿಗೆ ತೆಗೆದು ಒಂದರಲ್ಲಿ ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು ತುಂಬಿದೆ. ಅವಳ ಕಣ್ಣು ಮುಚ್ಚಿಸಿ, ಒಂದಾದ ಮೇಲೊಂದು ಮುಂಗೈಗೆ ತಾಗಿಸಿ, ಯಾವುದು ಬಿಸಿ ಎಂದು ಕೇಳಿದೆ.

"ಎರಡೂ ಒಂದ ಅದಾವಲ್ರಿ" ಎಂದಳು.

ಮೊಣಕೈ ಹಿಂದಿನ ನರ ಮುಟ್ಟಿ ನೋಡಿದೆ. ಹಗ್ಗದಂತೆ ದಪ್ಪಗಾಗಿತ್ತು. ಕುಷ್ಠರೋಗದ ಗುರುತುಗಳಲ್ಲಿ ಅದೂ ಒಂದು. ಅಷ್ಟು ಹೊತ್ತು ನಾನು ಅವಳ ಕೈಯನ್ನು ನನ್ನ ಕೈಯಲ್ಲಿ ಹಿಡಿದಿದ್ದೆ. ಅದು ಹೊಳೆದದ್ದೇ ತಡ, ಕೈಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ.

"ಅಲ್ಲೇ ನಿಲ್ಲವ್ವ. ಬಾಕ ಮುಟ್ಟಬ್ಯಾಡ."

ಕಾರ್ಬಾಲಿಕ್ ನೀರಿನಲ್ಲಿ ಎರಡು ಸಲ ಕೈ ತೊಳೆದೆ. ರೋಗದ ಹೆಸರನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಉಳಿದಿರಲಿಲ್ಲ. ತಿರುಗಿ ನೋಡಿದಾಗ ಬಾಕು ಖಾಲಿಯಾಗಿತ್ತು.

ಎರಡು ಗಂಟೆಯೊಳಗೆ ಅವಳ ಓಣಿಯ ನೇಕಾರ ನಿಂಗಪ್ಪ ಬಂದು ನನ್ನ ರಟ್ಟೆ ಹಿಡಿದ. ನಿಂಗಪ್ಪ ಸಾಧು ಮನುಷ್ಯ. ಹಿಂದಿನ ವಾರವಷ್ಟೇ ತಾಯಿಯನ್ನು ಬೆನ್ನ ಮೇಲೆ ಹೊತ್ತು ಔಷಧಕ್ಕೆ ಕರೆತಂದಿದ್ದ. ಈಗ ಕಾಶವ್ವನ ಹಾಸನ್ನು ಬೀದಿಯಲ್ಲೇ ಕುಡಗೋಲಿನಿಂದ ಕಡಿದು, ಓಣಿಯವರೊಂದಿಗೆ ಅವಳನ್ನು ಗಡಿಗೆ ಅಟ್ಟಿ ಬಂದಿದ್ದ. ರಬಕವಿಯವರು ಅವಳನ್ನು ಒಳಗೆ ಬಿಡುತ್ತಿರಲಿಲ್ಲ. "ನಡೀರಿ, ರಬಕವಿ ಮಂದಿಗೆ ನೀವ ಹೇಳ್ರಿ" ಎಂದು ಎಳೆದುಕೊಂಡೇ ಹೋದ.

ಗಡಿಕಲ್ಲಿನ ಈಚೆ ನಲವತ್ತು ಜನ, ಆಚೆ ಇಪ್ಪತ್ತರಷ್ಟು ಜನ. ನಡುವೆ ಕಾಶವ್ವ ಆ ಕಲ್ಲನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದಳು.

"ನಿಮ್ಮೂರ ಬ್ಯಾನಿ ನಿಮ್ಮೂರಾಗ ಇಟ್ಕೋರಿ" ಎಂದು ಆಚೆಯವನೊಬ್ಬ ಕೂಗಿದ.

"ನಮ್ಮ ಹದ್ದ ದಾಟ್ಯಾಳ. ಇನ್ನ ನಿಮ್ಮಾಕಿ" ಎಂದ ನಿಂಗಪ್ಪ. ಆಮೇಲೆ ನಮ್ಮವರ ಕಡೆ ತಿರುಗಿ, "ಸುದ್ದಿ ಪ್ಯಾಟಿಗೆ ಮುಟ್ಟಿತಂದ್ರ ನಮ್ಮ ಓಣಿ ಸೀರಿ ಯಾರ ಉಡ್ತಾರಲೇ?" ಎಂದ.

ಒಂದು ಕಲ್ಲು ಬಂದು ಗಡಿಕಲ್ಲಿಗೆ ಬಡಿಯಿತು. ಯಾವ ಕಡೆಯಿಂದ ಬಂತೆಂದು ನಾನು ನೋಡಲಿಲ್ಲ. ಕಾಶವ್ವ ನನ್ನನ್ನು ಗುರುತು ಹಿಡಿದಳು.

"ಕಂಪೌಂಡ್ರ, ನೀವರೆ ಹೇಳ್ರಿ. ಮುಂಜಾನಿ ನನ್ನ ಕೈ ಹಿಡದ ನೋಡೀರಲ್ರಿ."

ಅವಳ ಪರ ಮಾತಾಡಿದರೆ ಮುಂದಿನ ಕಲ್ಲು ನನಗೇ. ಅವಳ ಕೈ ಹಿಡಿದವನು ನಾನೆಂದು ಅವಳೇ ಎಲ್ಲರ ಮುಂದೆ ಹೇಳಿಬಿಟ್ಟಿದ್ದಳು. ನಾನು ನೆಲ ನೋಡಿದೆ. ದಾರಿಯ ಮೇಲೆ ಅವಳ ಎಡಗಾಲಿನ ರಕ್ತದ ಗುರುತುಗಳಿದ್ದವು.

ಆಗ ರಬಕವಿಯ ಕಡೆಯಿಂದ ಒಂದು ಎತ್ತಿನ ಗಾಡಿ ಬಂದು ನಿಂತಿತು. ಇಳಿದವರು ರೂತ್‌ಬಾಯಿ, ಬ್ರಿಟಿಷ್ ಮುಲುಕಿನ ಒಂದು ಮಿಶನ್ ಆಸ್ಪತ್ರೆಯ ನರ್ಸ್. ಹದಿನೈದು ದಿನಕ್ಕೊಮ್ಮೆ ಔಷಧದ ಪೆಟ್ಟಿಗೆಯೊಂದಿಗೆ ಹಳ್ಳಿ ತಿರುಗುತ್ತಿದ್ದರು. ನಮ್ಮ ಸೀಮೆಯವರೇ, ಕ್ರೈಸ್ತರು.

"ಯಾರ ಸತ್ತಾರ್ರಿ?" ಎಂದು ಕೇಳಿದರು.

"ಇನ್ನೂ ಯಾರೂ ಸತ್ತಿಲ್ರಿ ಬಾಯಾರ" ಎಂದ ನಿಂಗಪ್ಪ. "ಆಕೀಗೆ ದೊಡ್ಡ ಬ್ಯಾನಿ ಐತಿ. ದೂರ ಸರೀರಿ."

ಅವರು ನೇರ ಗಡಿಕಲ್ಲಿನ ಬಳಿ ಹೋದರು. ಕಾಶವ್ವನನ್ನು ಕೂರಿಸಿ, ತಾವೂ ಮಣ್ಣಿನಲ್ಲಿ ಕುಳಿತು, ಅವಳ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡರು. ಅಂಗಾಲಿನಲ್ಲಿ ಜಾಲಿಮುಳ್ಳೊಂದು ಬುಡದವರೆಗೆ ಹೋಗಿತ್ತು.

"ಎಲ್ಲಿ ಚುಚ್ಚಿತವ್ವ ಈ ಮುಳ್ಳ?"

"ಮುಳ್ಳ ಐತೇನ್ರಿ?" ಎಂದಳು ಕಾಶವ್ವ.

ಆ ಪ್ರಶ್ನೆ ಎರಡೂ ಕಡೆಯವರಿಗೆ ಕೇಳಿಸಿತು. ಒಂದು ಮುಳ್ಳು ಕಾಲಿನಲ್ಲಿ ಮುಳುಗಿದ್ದರೂ ತಿಳಿಯದ ಕಾಲು ಎಂಥದ್ದೆಂದು ಎಲ್ಲರಿಗೂ ಅರ್ಥವಾಯಿತು.

"ನೀರ ಬೇಕು" ಎಂದರು ರೂತ್‌ಬಾಯಿ. ಗಾಡಿ ಹೊಡೆಯುವ ಮಲಗೊಂಡ ತನ್ನ ಚರಿಗೆಯಲ್ಲಿ ನೀರು ತುಂಬಿ ದೂರದಲ್ಲೇ ನೆಲಕ್ಕಿಟ್ಟು ಹಿಂದೆ ಹೋದ. ಅವರು ನನ್ನ ಕೋಟು ನೋಡಿದರು.

"ನೀವ ದವಾಖಾನಿಯವ್ರಲ್ಲ? ತರ್ರಿ."

ಹನ್ನೆರಡು ಹೆಜ್ಜೆಯಲ್ಲಿ ಹತ್ತು ನಡೆದೆ. ಚರಿಗೆ ಒಯ್ದು ಒಂದು ಮಾರು ದೂರದಲ್ಲಿ ಇಟ್ಟೆ.

"ಇನ್ನ ಸನೇಕ ಬರ್ರಿ. ಸುರುವ್ರಿ" ಎಂದರು.

ಸುರುವಿದೆ. ತೋಳುದ್ದ ದೂರ ಹಿಡಿದದ್ದಕ್ಕೆ ಅರ್ಧ ನೀರು ಮಣ್ಣು ಪಾಲಾಯಿತು. ಅವರು ಕಾಲು ತೊಳೆದು, ಮುಳ್ಳು ಕಿತ್ತು, ತಮ್ಮ ಸೀರೆಯ ಸೆರಗಿನಿಂದಲೇ ಒರೆಸಿದರು.

"ಬ್ಯಾನಿ ಹೌದೋ ಅಲ್ಲೋ? ಅಷ್ಟ ಹೇಳ್ರಿ ಬಾಯಾರ" ಎಂದ ನಿಂಗಪ್ಪ.

ಅಲ್ಲ ಎನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದು ಸುಳ್ಳಿನಿಂದ ಎಲ್ಲ ಮುಗಿಯುತ್ತಿತ್ತು.

"ಹೌದು" ಎಂದರು ಅವರು. "ಹೌದ ಅಂತನ ಇಲ್ಲಿ ಕುಂತೇನಿ. ಮಂದಿ ಹೊರಗ ಹಾಕಿದವ್ರನ್ನ ಯೇಸುಸ್ವಾಮಿ ಮುಟ್ಟಿ ಮಾತಾಡಿಸಿದ. ನಾ ಈಕೀನ್ನ ಮುಟ್ಟದ ಆತನ ಹೆಸರ ಹೆಂಗ ಹೇಳ್ಲೋ ತಮ್ಮಾ?" ಆಮೇಲೆ ಅವನತ್ತ ಕೈಚಾಚಿದರು. "ಇಷ್ಟ ವರ್ಷ ಈಕೀ ಜೋಡಿ ಒಂದ ಹಾಸಿನ ಮ್ಯಾಲ ಕೈ ಆಡಿಸೀದಿ. ಬಾ, ನಿನ್ನ ಕೈನೂ ನೋಡ್ತೇನಿ. ನಿನಗೂ ಇದ್ರ ನಿನ್ನ ಕಾಲೂ ತೊಳೀತೇನಿ."

ನಿಂಗಪ್ಪ ಎರಡೂ ಕೈಯನ್ನು ಧೋತರದ ಮಡಿಕೆಯೊಳಗೆ ಸೇರಿಸಿದ. ಅವನ ಹಿಂದಿದ್ದವರು ತಮ್ಮ ತಮ್ಮ ಅಂಗೈ ನೋಡಿಕೊಂಡರು. ಒಬ್ಬೊಬ್ಬರೇ ಊರಿನತ್ತ ತಿರುಗಿದರು. ಅವರನ್ನು ಕರಗಿಸಿದ್ದು ಕರುಣೆ ಎಂದು ನಾನು ಬರೆಯಲಾರೆ. ಹೆದರಿಕೆಯಿಂದ ಬಂದಿದ್ದರು, ಹೆದರಿಕೆಯಿಂದಲೇ ಹೋದರು.

ಮಲಗೊಂಡ ಗಾಡಿಯೊಳಗಿನ ಹುಲ್ಲನ್ನು ಸರಿಮಾಡಿ, "ಹತ್ತಸ್ರಿ ಬಾಯಾರ. ಎತ್ತೇನ ಪ್ಯಾಟ್ಯಾಗ ಹೋಗಿ ಸುದ್ದಿ ಹೇಳೂದಿಲ್ಲ" ಎಂದ.

"ನನ್ನ ಹಾಸ ಕಡದಾರ್ರಿ" ಎಂದಳು ಕಾಶವ್ವ. ಆಗಲೇ ಅವಳು ಅತ್ತದ್ದು.

"ನಮ್ಮಲ್ಲೂ ಮಗ್ಗ ಐತಿ. ನಡಿಯವ್ವ" ಎಂದರು ರೂತ್‌ಬಾಯಿ.

ಸಂಜೆ ಡಾಕ್ಟರರಿಗೆ ಎಲ್ಲವನ್ನೂ ಹೇಳಿದೆ. ಅವರು "ಕೈ ತೊಳಕೊಂಡಿದ್ದು ತಪ್ಪಲ್ಲ. ಮಂದಿ ಮುಂದ ತೊಳಕೊಂಡೀದಿ" ಎಂದರು. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ. ಆರು ವರ್ಷ, ದಿನಾ ಬೆಳಿಗ್ಗೆ, ಹೆಂಡತಿಗೆ ಕಾಣದಂತೆ ನನ್ನ ಹತ್ತೂ ಬೆರಳಿಗೆ ಸೂಜಿ ಚುಚ್ಚಿ ನೋಡಿಕೊಂಡೆ. ನೋವಾದಾಗಲೇ ಚಹಾ ಕುಡಿಯುತ್ತಿದ್ದೆ.

ಮರುವರ್ಷ ಮಿಶನ್ ಆಸ್ಪತ್ರೆಯಿಂದ ಪಟ್ಟಿಬಟ್ಟೆಯ ಒಂದು ಸುರುಳಿ ಬಂತು. ಕಾಶವ್ವ ನೇಯ್ದದ್ದು, ಕುದಿಸಿ ಒಣಗಿಸಿದೆ ಎಂದು ರೂತ್‌ಬಾಯಿ ಚೀಟಿ ಇಟ್ಟಿದ್ದರು. ಎರಡು ದಿನ ಕಪಾಟಿನಲ್ಲೇ ಇಟ್ಟೆ. ಮೂರನೆಯ ದಿನ ಕೊಡಲಿ ಬಿದ್ದ ಕಾಲಿನೊಂದಿಗೆ ಒಬ್ಬ ರೈತ ಬಂದ. ಬೇರೆ ಪಟ್ಟಿ ಇರಲಿಲ್ಲ. ಬಿಚ್ಚಿದೆ. ಅಂಚು ನೆಟ್ಟಗಿತ್ತು, ನೇಯ್ಗೆ ಬಿಗಿಯಾಗಿತ್ತು. ಕಾಶವ್ವ ಮತ್ತೆ ಬನಹಟ್ಟಿಗೆ ಬರಲಿಲ್ಲ. ಮಿಶನ್ ಆಸ್ಪತ್ರೆಯಲ್ಲಿಯೇ ತೀರಿಕೊಂಡಳು.

ಆಮೇಲಿನ ನೌಕರಿಯಲ್ಲಿ ಯಾವ ರೋಗಿಯ ಎದುರಿನಿಂದಲೂ ನಾನು ಹಿಂದೆ ಸರಿದಿಲ್ಲ. ಹೆದರಿಕೆ ಹೋಗಿದೆ ಎಂದಲ್ಲ. ಅದು ಈಗಲೂ ಇದೆ. ಹೆದರಿಕೊಂಡೇ ಕಾಲನ್ನು ಇದ್ದಲ್ಲೇ ಇಡುವುದನ್ನು ಕಲಿತೆ. ಕೆಲಸ ನನಗೆ ಕಲಿಸಿದ್ದು ಅಷ್ಟೇ.

ರೂತ್‌ಬಾಯಿ ಈಗಿಲ್ಲ. ಆ ದಿನ ನಡೆದದ್ದನ್ನು ಕಂಡವರಲ್ಲಿ ನನ್ನನ್ನು ಬಿಟ್ಟು ಇಬ್ಬರು ಬದುಕಿರುವುದು ನನಗೆ ಗೊತ್ತು. ಮಲಗೊಂಡ ಚಿಮ್ಮಡದಲ್ಲಿ ಮಗನ ಮನೆಯಲ್ಲಿದ್ದಾನೆ. ಕಣ್ಣು ಹೋಗಿವೆ, ನೆನಪು ಹೋಗಿಲ್ಲ. ಇನ್ನೊಬ್ಬ ನಿಂಗಪ್ಪ. ಕೇಳಿದರೆ ತಾನು ಆ ದಿನ ಊರಲ್ಲೇ ಇರಲಿಲ್ಲ ಎನ್ನುತ್ತಾನೆ. ಇದ್ದ. ನನ್ನ ಎಡಕ್ಕೆ ನಿಂತಿದ್ದ. ನಾನೂ ಅವನ ಬಲಕ್ಕೆ ನಿಂತಿದ್ದೆ.