ಪಾರ್ಕಿನಲ್ಲೊಂದು ಗುಲಾಬಿ ಯುದ್ಧನೌಕೆ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಬಸವೇಶ್ವರನಗರದ ನಮ್ಮ ಪಾರ್ಕಿನಲ್ಲಿ ಗುಲಾಬಿ ಬಣ್ಣದ ಯುದ್ಧನೌಕೆ ನೋಡ್ದೆ. ನೌಕಾಪಡೆಯಲ್ಲೇ ತಲೆ ಹಣ್ಣಾದವನು ನಾನು, ಯಾವ ಬಂದರಲ್ಲೂ ಇಂಥದ್ದನ್ನ ಕಂಡಿರಲಿಲ್ಲ.

ಸಿಮೆಂಟಿನ ಹಡಗು. ನನ್ನ ಜೊತೆ ಕೆಲಸದಲ್ಲಿದ್ದು ಸಮುದ್ರದಲ್ಲೇ ತೀರಿಹೋದ, ನಮ್ಮದೇ ಬೀದಿಯ ನಂಜುಂಡನ ನೆನಪಿಗೆ ಅಂತ ಕಟ್ಟಿಸಿದ್ದು. ನಾಳೆ ಉದ್ಘಾಟನೆ. ಪಕ್ಕದಲ್ಲಿ ನಮ್ಮ ಏರಿಯಾ ಲೀಡರ್ ಕೈಮುಗಿದು ನಿಂತಿರೋ ಫ್ಲೆಕ್ಸ್, ಹಡಗಿಗಿಂತ ದೊಡ್ಡದು.

ಕಂಟ್ರಾಕ್ಟರ್‌ನ ಕೇಳ್ದೆ: "ಏನ್ರೀ ಇದು ಬಣ್ಣ? ಯುದ್ಧದ ಹಡಗಿಗೆ ಬೂದು ಹಚ್ತಾರೆ. ನೀರು, ಮಂಜು, ಮೋಡದ ಜೊತೆ ಕಲೆತು ಹೋಗ್ಬೇಕು, ದೂರದಿಂದ ಶತ್ರುಗೆ ಕಾಣ್ಬಾರ್ದು."

"ಕಾಣ್ಲಿಲ್ಲ ಅಂದ್ರೆ ಕಟ್ಟಿಸಿ ಏನ್ ಬಂತು ಸಾರ್? ಫೋಟೋದಲ್ಲಿ ಲೀಡರ್ ಹಿಂದೆ ಎದ್ದು ಕಾಣ್ಬೇಕು."

"ಇದೇನು ಮದುವೆ ಸ್ಟೇಜಾ?"

"ಟೆನ್ಷನ್ ಮಾಡ್ಕೋಬೇಡಿ ಸಾರ್. ನಾಳೆ ನಿಮಗೂ ಒಂದು ಶಾಲು ಇದೆ."

ಮೈಯೆಲ್ಲ ಉರಿದುಹೋಯ್ತು. ಇನ್ನೇನು ಬೈಬೇಕು, ಅಷ್ಟರಲ್ಲಿ ನಂಜುಂಡನ ಹೆಂಡ್ತಿ ಗಿರಿಜಾ ಬಂದ್ರು. ಹಡಗಿನ ಸುತ್ತ ಒಂದು ಸುತ್ತು ಹಾಕಿ, ಮೆಲ್ಲಗೆ ನನ್ನ ಕೇಳಿದ್ರು: "ಅಣ್ಣಾ, ಇವರ ಹೆಸರು ಎಲ್ಲಿ ಬರ್ದಿದಾರೆ?"

ನನಗೂ ಕಾಣಲಿಲ್ಲ. ಕಂಟ್ರಾಕ್ಟರ್ ಹಡಗು ಕೂರಿಸಿದ್ದ ಕಟ್ಟೆಯ ತಳ ತೋರಿಸ್ದ. ಬೂದು ಸಿಮೆಂಟಿನ ಮೇಲೆ ಬೂದು ಬಣ್ಣದ ಸಣ್ಣ ಅಕ್ಷರ. "ಬೇರೆ ಪೇಂಟ್ ಎಲ್ಲ ಮೇಲ್ಗಡೆಗೇ ಖಾಲಿ ಆಯ್ತು ಮೇಡಂ," ಅಂದ. ಗಿರಿಜಾ ಕುಕ್ಕರುಗಾಲಲ್ಲಿ ಕೂತು, ಬೆರಳಾಡಿಸಿ ಗಂಡನ ಹೆಸರು ಓದ್ಕೊಂಡ್ರು.

ಸುಮ್ನೆ ಆ ಕಂಟ್ರಾಕ್ಟರ್‌ಗೆ ಪಾಠ ಹೇಳಕ್ಕೆ ಹೋದೆ. ಕಾಣದ ಹಾಗೆ ಬಣ್ಣ ಹಚ್ಚೋದು ಇವರಿಗೆ ನಮ್ಮ ನೌಕಾಪಡೆಗಿಂತ ಚೆನ್ನಾಗಿ ಗೊತ್ತಿದೆ.