ಬ್ಯಾಟರಿ ಕಾಕು ಕೇಳಿದ ಪ್ರಶ್ನೆ

ಕಾಕುವಿನ ಸೀರೆಗಳೆಲ್ಲ ಪಾಲಿಸ್ಟರ್. ಜೇವರ್ಗಿಯ ಬೇಸಿಗೆಯಲ್ಲಿ ಊರ ಹೆಂಗಸರೆಲ್ಲ ಹತ್ತಿ ಸೀರೆ ಉಟ್ಟರೂ ಅವರು ಮಾತ್ರ ಆ ಮೈಗಂಟುವ ಸೀರೆಯಲ್ಲೇ ಬೆವರುತ್ತಿದ್ದರು. ಹತ್ತಿ ಬಟ್ಟೆಯನ್ನು ಬ್ಯಾಟರಿಯ ಆಸಿಡ್ ತಿನ್ನುತ್ತದೆ. ಹೊಸದರಲ್ಲಿ ಒಮ್ಮೆ ಇಳಕಲ್ ಸೀರೆ ಉಟ್ಟು ಅಂಗಡಿಗೆ ಬಂದಿದ್ದರಂತೆ. ಒಗೆದು ಒಣಹಾಕಿದಾಗ ನೆರಿಗೆಯೆಲ್ಲ ಜರಡಿಯಾಗಿತ್ತಂತೆ.

ನಮ್ಮ ಪಕ್ಕದ ಮನೆಯವರು. ಗಂಡ ತೀರಿದ ಮೇಲೆ ಬಸ್ ಸ್ಟ್ಯಾಂಡ್ ಹತ್ತಿರದ ಬ್ಯಾಟರಿ ಅಂಗಡಿಯನ್ನು ತಾವೇ ನಡೆಸುತ್ತಿದ್ದರಿಂದ ಓಣಿಗೆಲ್ಲ ಬ್ಯಾಟರಿ ಕಾಕು. ಅಂಗಡಿಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅದರಲ್ಲಿ ಗಿರಾಕಿ ಕೂರಬೇಕು, ಇಲ್ಲವೇ ಬ್ಯಾಟರಿ ಕೂರಬೇಕು. ಕಾಕು ಕೂತದ್ದನ್ನು ನಾನು ಕಂಡಿರಲಿಲ್ಲ. ರೊಟ್ಟಿಯಲ್ಲಿ ಪಲ್ಯ ಸುತ್ತಿಕೊಂಡು, ಚಾರ್ಜಿಗೆ ಹಾಕಿದ ಬ್ಯಾಟರಿಗಳ ನಡುವೆ ಓಡಾಡುತ್ತಲೇ ಊಟ ಮುಗಿಸುತ್ತಿದ್ದರು. ನೋಡುತ್ತಿದ್ದ ನಮಗೇ ಕಾಲು ನೋಯುತ್ತಿತ್ತು.

ಸೆಕೆಂಡ್ ಪಿಯುಸಿಯಲ್ಲಿ ನಾನು ಕೆಮಿಸ್ಟ್ರಿ ಫೇಲಾದೆ. ಸಪ್ಲಿಮೆಂಟರಿಯಲ್ಲೂ ಹೋದರೆ ಓದು ಬಂದ್ ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದರು. ಸುದ್ದಿ ತಿಳಿದ ಕಾಕು, ಪುಸ್ತಕ ಹಿಡಿದು ಅಂಗಡಿಗೆ ಬಾ ಎಂದರು. ಎಂಟನೇ ಇಯತ್ತೆಗೆ ಶಾಲೆ ಬಿಟ್ಟವರು ನನಗೇನು ಕಲಿಸಿಯಾರು ಎಂದುಕೊಂಡೇ ಹೋದೆ.

ಅವರ ಹಿಂದೆ ಪುಸ್ತಕ ಹಿಡಿದು ಸುತ್ತುವುದೇ ಪಾಠ. ಎಲೆಕ್ಟ್ರಾನ್ ಕಳೆದುಕೊಂಡರೆ ಆಕ್ಸಿಡೇಷನ್, ಪಡೆದರೆ ರಿಡಕ್ಷನ್ ಎಂದು ಗಿಣಿಪಾಠ ಒಪ್ಪಿಸಿದೆ. ಕಾಕು ತಿರುಗಿ ನಿಂತರು.

"ಕಳಕೊಂಡವರು ಯಾರು, ಸಿಕ್ಕಿದ್ದು ಯಾರಿಗಿ? ಅದು ಹೇಳ್ ಬೇ ಮೊದ್ಲ."

ಪುಸ್ತಕ ತಿರುವಿದೆ. ಸೀಸದ ಪ್ಲೇಟು ಕೊಡುತ್ತದೆ, ಸೀಸದ ಡೈಆಕ್ಸೈಡಿನ ಪ್ಲೇಟು ತೆಗೆದುಕೊಳ್ಳುತ್ತದೆ. ತೆಗೆದುಕೊಳ್ಳುವವರಿಲ್ಲದೆ ಕೊಡುವುದೂ ಇಲ್ಲ. ಆ ಎಲೆಕ್ಟ್ರಾನುಗಳು ಇಲ್ಲಿಂದ ಅಲ್ಲಿಗೆ ತಂತಿಯಲ್ಲಿ ಹೋಗುವಾಗಲೇ ಟ್ರ್ಯಾಕ್ಟರ್ ಚಾಲೂ ಆಗುವುದು. ಆಸಿಡ್ ಎಷ್ಟು ಗಟ್ಟಿ ಎಂದು ಅಳೆಯುವ ಹೈಡ್ರೋಮೀಟರಿನಲ್ಲಿ ಕಾಕು ಆಸಿಡ್ ಎಳೆದು ತೋರಿಸಿದರು. ಚಾರ್ಜ್ ಇಳಿದ ಬ್ಯಾಟರಿಯದಾದ್ದರಿಂದ ಒಳಗಿನ ತೇಲುಬುರುಡೆ ಮುಳುಗಿತ್ತು. ಆಸಿಡ್ ಎಲ್ಲಿ ಹೋಯಿತು ಎಂದು ಕೇಳಿದರು. ಸಮೀಕರಣ ನೋಡಿ, ಎರಡೂ ಪ್ಲೇಟಿನ ಮೇಲೆ ಸಲ್ಫೇಟ್ ಆಗಿ ಕೂತಿದೆ, ಉಳಿದದ್ದರಲ್ಲಿ ನೀರೇ ಹೆಚ್ಚು ಎಂದೆ. ಅವರ ಮುಖ ಅರಳಿತು. ನನ್ನ ಉತ್ತರ ಸರಿಯಾದದ್ದಕ್ಕೆ ಖುಷಿ ಎಂದುಕೊಂಡೆ.

ಪರೀಕ್ಷೆಯ ಹಿಂದಿನ ದಿನ ಇನ್ನೊಂದು ಕೇಳಿದರು.

"ಚಾರ್ಜಿಗಿ ಹಾಕಿದ್ರ ಎಲ್ಲಾ ತಿರುಗಿ ಮೊದ್ಲಿನಂಗ ಆಗ್ತದಂದಿ. ಹಂಗಾದ್ರ ಬ್ಯಾಟರಿ ಯಾಕ ಹಳೀದಾಗ್ತದ?"

ನನಗೋ ನಾಳಿನ ಚಿಂತೆ. "ಅದು ಸಿಲೆಬಸ್‌ನಾಗ ಇಲ್ರಿ ಕಾಕು," ಎಂದು ಪುಸ್ತಕ ಮುಚ್ಚಿದೆ. ಅವರು ಇನ್ನೊಂದು ಬ್ಯಾಟರಿಯ ಕಡೆ ಹೋದರು.

ಪಾಸಾದೆ. ಕಲಬುರಗಿಯಲ್ಲಿ ಬಿ.ಎಸ್ಸಿ. ಓದುವಾಗ ಉತ್ತರ ಸಿಕ್ಕಿತು. ಸಲ್ಫೇಟೆಲ್ಲ ತಿರುಗಿ ಬರುವುದಿಲ್ಲ. ಪ್ರತಿ ಸಲವೂ ಒಂದಿಷ್ಟು ಹರಳುಗಟ್ಟಿ ಪ್ಲೇಟಿಗೇ ಅಂಟಿಕೊಳ್ಳುತ್ತದೆ, ಪ್ಲೇಟಿನದೂ ಒಂದಿಷ್ಟು ತಳಕ್ಕೆ ಉದುರುತ್ತದೆ. ಆಗಲೇ ಇನ್ನೊಂದೂ ಹೊಳೆಯಿತು. ಕಾಕು ನನ್ನನ್ನು ಪರೀಕ್ಷೆ ಮಾಡುತ್ತಿರಲಿಲ್ಲ. ವರ್ಷಗಟ್ಟಲೆ ರಿಪೇರಿ ಮಾಡಿದ ಡಬ್ಬಿಯೊಳಗೆ ಏನಾಗುತ್ತದೆಂದು ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಕೇಳಲು ಸಿಕ್ಕವಳು ನಾನೊಬ್ಬಳೇ. ನಾಚಿಕೆಯಾಯಿತು. ಊರಿಗೆ ಹೋದಾಗ ಹೇಳಬೇಕು ಎಂದುಕೊಂಡೆ. ಹೋದಾಗಲೆಲ್ಲ ಗಡಿಬಿಡಿ. ಆಳಂದದಲ್ಲಿ ಟೀಚರ್ ನೌಕರಿಯಾಯಿತು, ಮದುವೆಯಾಯಿತು. ಅಂಗಡಿ ಬಂದಾಗ ಬಸ್ಸಿನ ಕಿಟಕಿಯಿಂದಲೇ ಕೈ ಬೀಸುತ್ತಿದ್ದೆ.

ಹೋದ ವರ್ಷ, ಕಾಕು ತೀರಿಕೊಂಡರೆಂದು ಅವ್ವನ ಫೋನ್ ಬಂತು. ನಾನು ಊರು ಮುಟ್ಟುವಷ್ಟರಲ್ಲಿ ಅವರನ್ನು ನಮ್ಮ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಉಡಿಸಿದ್ದು ಹೊಸ ಇಳಕಲ್ ಸೀರೆ. ಅವರು ಕೂತದ್ದನ್ನು ನಾನು ಮೊದಲ ಸಲ ನೋಡಿದ್ದು ಅಂದು. ಹತ್ತಿರ ಹೋಗಿ ಉತ್ತರ ಹೇಳಿಬಿಡೋಣ ಅನ್ನಿಸಿತು. ಸುತ್ತ ಜನ ಇದ್ದರು, ಹೇಳಲಿಲ್ಲ.

ಕ್ಲಾಸಿನಲ್ಲಿ ಈಗ ನಾನೂ ಕುರ್ಚಿ ಮುಟ್ಟುವುದಿಲ್ಲ. ಬ್ಯಾಟರಿಯ ಪಾಠ ಬಂದಾಗ, ಯಾರೂ ಕೇಳದಿದ್ದರೂ, ಅದು ಯಾಕೆ ಹಳೆಯದಾಗುತ್ತದೆಂದು ಹೇಳುತ್ತೇನೆ. ಸಿಲೆಬಸ್ಸಿನಲ್ಲಿ ಇಲ್ಲ ಮಿಸ್ ಎನ್ನುತ್ತಾರೆ ಮಕ್ಕಳು. ಇಲ್ಲ, ಆದರೂ ಬರೆದುಕೊಳ್ಳಿ ಎನ್ನುತ್ತೇನೆ.