ಚಿಕ್ಕವ್ವ ಹೇಳಿದ ‘ಆಗಾಕಿಲ್ಲ’

“ಎಮ್ಮೆ ಕಾಯೋ ಎಣ್ಣು ಎಮ್ಮೆ ಓದಾದಾ? ಆಗಾಕಿಲ್ಲ ಕಣ್ಲಾ” ಎಂದು ನಮ್ಮಪ್ಪನಿಗೆ ಹೇಳಿದವರು ನನ್ನ ದೊಡ್ಡಪ್ಪ. ಎಂ.ಎ. ಅನ್ನುವುದು ಅವರ ಬಾಯಲ್ಲಿ ಎಮ್ಮೆಯೇ ಆಗುತ್ತಿತ್ತು. ನಾನು ಎಂ.ಎ. ಮಾಡಿದೆ. ಅದರ ಮೇಲೆ ಎಂ.ಫಿಲ್. ಕೂಡ ಮಾಡಿದೆ. ಹೆಮ್ಮರಗಾಲದ ಕಡೆಯ ನಮ್ಮೂರಿನ ಕೆಳಗಿನ ಬೀದಿಯಲ್ಲಿ ಡಿಗ್ರಿ ಕಂಡ ಮೊದಲ ಮನೆ ನಮ್ಮದು. ಇದನ್ನು ಹೇಳುವಾಗ ಈಗಲೂ ಎದೆ ಉಬ್ಬುತ್ತದೆ, ಇಲ್ಲವೆನ್ನಲಾರೆ. ಆದರೆ ಆ ಎಂ.ಫಿಲ್. ಪ್ರಬಂಧದಲ್ಲಿ ನಾನು ‘ಹೆಚ್ಚು ನಂಬಬಹುದು’ ಎಂದು ಬರೆದ ತೀರ್ಮಾನ ಸುಳ್ಳು. ಬರೆಯುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಏಕೆಂದರೆ ಅದನ್ನು ಹುಟ್ಟಿಸಿದವಳೂ ನಾನೇ — ನನ್ನ ಸ್ವಂತ ಚಿಕ್ಕವ್ವನ ಮಾತನ್ನು ತಿರುಚಿ.

ತೊಂಬತ್ತರ ದಶಕದ ಕೊನೆ. ನಂಜನಗೂಡಿನಲ್ಲಿ ಬಿ.ಎ. ಮುಗಿಸಿದ್ದೆ, ಎಂ.ಎ. ಇನ್ನೂ ದೂರವಿತ್ತು. ಒಂದು ಸಂಸ್ಥೆಯವರು ಹಳ್ಳಿಯ ಹೆಂಗಸರು ಹೆರಿಗೆಗೆ ಆಸ್ಪತ್ರೆಗೆ ಏಕೆ ಬರುವುದಿಲ್ಲ ಎಂದು ಅಧ್ಯಯನ ಮಾಡುತ್ತಿದ್ದರು. ಅದರ ಮೇಡಂ ಉತ್ತರದ ಕಡೆಯವರು, ಅವರಿಗೆ ಕನ್ನಡ ಬಾರದು. ಹೆಂಗಸರ ಮಾತನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳುವುದು, ಆಮೇಲೆ ಕ್ಯಾಸೆಟ್ ಕೇಳಿ ಇಂಗ್ಲಿಷಿನಲ್ಲೇ ಬರೆದುಕೊಡುವುದು ನನ್ನ ಕೆಲಸ. ಜೀಪಿನಲ್ಲಿ ಮೈಸೂರಿನ ಇನ್ನೊಬ್ಬ ಹುಡುಗಿ ಜೊತೆಗಿರುತ್ತಿದ್ದಳು. ಇಬ್ಬರೂ ಡಬ್ಬಿ ಹಂಚಿಕೊಂಡು ತಿನ್ನುತ್ತಿದ್ದೆವು. “ನಿಮ್ಮ ಮನೆ ದೇವಸ್ಥಾನದ ಹತ್ತಿರಾನಾ?” ಎಂದು ಒಮ್ಮೆ ಕೇಳಿದ್ದಳು. ಹೂಂ ಅಂದಿದ್ದೆ. ಅದು ಮೊದಲ ಸುಳ್ಳು. ಸಣ್ಣದು — ಸಣ್ಣದೆಂದೇ ಅಂದುಕೊಂಡಿದ್ದೆ.

ಒಂದು ದಿನ ಜೀಪು ತಿ. ನರಸೀಪುರದ ಕಡೆಯ ಒಂದು ಊರಿಗೆ ಹೋಯಿತು. ನಮ್ಮವ್ವನ ತಂಗಿ ಸಣ್ಣಮ್ಮ ಚಿಕ್ಕವ್ವನನ್ನು ಕೊಟ್ಟಿದ್ದು ಆ ಊರಿಗೇ. ಮೈಸೂರಿನ ಹುಡುಗಿ ಇನ್ನೊಂದು ಮನೆಗೆ ಹೋದಳು. ನಾನೂ ಮೇಡಮ್ಮೂ ಹೊಕ್ಕಿದ್ದು ಚಿಕ್ಕವ್ವನ ಮನೆಯನ್ನೇ. ಚಿಕ್ಕವ್ವ ನನ್ನನ್ನು ನೋಡಿದಳು, ನನ್ನ ಇಸ್ತ್ರಿ ಚೂಡಿದಾರ ನೋಡಿದಳು, ನನ್ನ ಮುಖದಲ್ಲಿ ಏನು ಕಂಡಳೋ — “ಬನ್ನಿ ಮೇಡಮ್ನೋರೆ, ಕೂತ್ಕಳಿ” ಎಂದು ಅಪರಿಚಿತಳಂತೆ ಚಾಪೆ ಹಾಸಿದಳು. ತುಟಿಯ ಮೂಲೆಯಲ್ಲಿ ನಗು. ಎತ್ತಿ ಆಡಿಸಿದವಳು ನನ್ನನ್ನು ಮೇಡಂ ಅಂದಳು, ನಾನು ಅನ್ನಿಸಿಕೊಂಡೆ.

ಪ್ರಶ್ನೆ ಕೇಳಿದೆ. ಚಿಕ್ಕವ್ವ ಹೇಳಿದ್ದು ಇಂದಿಗೂ ಅಕ್ಷರಕ್ಕಕ್ಷರ ಕಿವಿಯಲ್ಲಿದೆ.

“ನಮ್ಗೂ ಆ ಆಸ್ಪತ್ರೆಗೂ ಆಗಾಕಿಲ್ಲ ಕಣ್ರವ್ವ. ಒಳಗ್ ಮಂಚ ಖಾಲಿ ಇದ್ರೂವೆ ನಮ್ಮ ಬೀದಿಯೋರ್ನ ಈಚೆ ಜಗುಲಿ ಮ್ಯಾಲೇ ಮಲಗ್ಸದು. ನೀರ್ ಕೇಳುದ್ರೆ ಎತ್ತರದಿಂದ ಬೊಗಸೆಗೆ ಉಯ್ಯದು. ನಮ್ಮ ಭಾಗ್ಯ ಉಟ್ಟಿದ್ದು ಆ ಜಗುಲೀಲೆಯ, ನಾಯಿ ಓಡಾಡೋ ತಾವು. ಆಮ್ಯಾಕಿನವೆಲ್ಲ ಮನೇಲೆ ಆದೊ. ತಿರ್ಮಕೂಡ್ಲಲ್ಲಿ ಒಳೆ ಎರಡೂ ಸೇರ್ತವಲ್ಲ — ನಾವೂ ಅವ್ರೂವೆ ಅಂಗೆ ಸೇರಾಕಾಯ್ತದಾ?”

ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ನಾನಿಲ್ಲಿ ಒಪ್ಪಿಸಲು ಬಂದಿರುವುದು ನನ್ನನ್ನು.

ಆಗಾಕಿಲ್ಲ ಎಂಬ ಮಾತಿಗೆ ನಮ್ಮಲ್ಲಿ ಹಲವು ಅರ್ಥ. ನೆಗಡಿಯಾದವರಿಗೆ ಮೊಸರು ಆಗಾಕಿಲ್ಲ. ಅಮಾವಾಸ್ಯೆಯ ದಿನ ಹೆಣ್ಣು ನೋಡಲು ಹೋಗೋದು ಆಗಾಕಿಲ್ಲ. ಅತ್ತೆಗೂ ಸೊಸೆಗೂ ಆಗಾಕಿಲ್ಲ. ಚಿಕ್ಕವ್ವ ಯಾವ ಅರ್ಥದಲ್ಲಿ ಹೇಳಿದಳು ಎನ್ನುವುದರಲ್ಲಿ ಒಂದು ಕೂದಲೆಳೆಯಷ್ಟೂ ಅನುಮಾನವಿರಲಿಲ್ಲ. ಮೇಡಂ ನನ್ನ ಮುಖ ನೋಡಿದರು, ಏನಂತೆ ಎನ್ನುವಂತೆ. ಇದನ್ನು ಹೇಳಿದರೆ ‘ನಮ್ಮ ಬೀದಿ’ ಯಾವ ಜಾತಿಯವರ ಬೀದಿ ಎಂದು ಹೇಳಬೇಕು, ಅದು ನನ್ನದೂ ಎಂದು ನನ್ನ ಮುಖವೇ ಹೇಳಿಬಿಡುತ್ತದೆ. ಬರೆದರೆ ಸಂಜೆ ಮೈಸೂರಿನ ಹುಡುಗಿ ಓದುತ್ತಾಳೆ, ನಾಳೆ ಡಬ್ಬಿ ಬಿಚ್ಚುವಾಗ — ಅವಳು ಏನೂ ಅನ್ನದೆಯೇ ಇರುತ್ತಿದ್ದಳೇನೋ. ನಾನು ಪರೀಕ್ಷಿಸಿ ನೋಡಲಿಲ್ಲ. ಆಸ್ಪತ್ರೆಯಲ್ಲಿ ಹೆರುವುದು ಇವರ ಸಂಪ್ರದಾಯಕ್ಕೆ ಆಗುವುದಿಲ್ಲವಂತೆ, ಹೊಳೆಯ ಮೇಲೆ ಇವರಿಗೆ ತುಂಬ ಭಕ್ತಿಯಂತೆ — ಮೇಡಂಗೆ ಹಾಗೆಂದು ಹೇಳಿದೆ. ಕ್ಯಾಸೆಟ್ ಕೇಳಿ ಬರೆದಾಗಲೂ ಅದನ್ನೇ ಬರೆದೆ. ಜಗುಲಿಯನ್ನು ಬಿಟ್ಟೆ.

ಹೊರಡುವಾಗ ಚಿಕ್ಕವ್ವ ಚೊಂಬು ತೆಗೆದುಕೊಳ್ಳುವ ನೆಪದಲ್ಲಿ ಹತ್ತಿರ ಬಂದು ಪಿಸುಗುಟ್ಟಿದಳು: “ಎಲ್ಲಾನೂವೆ ಬರ್ಕೊಂಡ್ಯಾ ಮಗಾ? ನಮ್ಮ ಭಾಗ್ಯನ ಎರ್ಗೆ ಒತ್ಗಾದ್ರೂ ಒಳಗ್ ಮಲಗ್ಸ್ತಾರಾ?” ಭಾಗ್ಯ ಆಗ ಇನ್ನೂ ಲಂಗ ತೊಡುವ ಹುಡುಗಿ. ನಾನು ತಲೆಯಾಡಿಸಿದೆ.

ಎರಡು ಸಾವಿರದ ಇಸವಿ ದಾಟಿತು. ಎಂ.ಎ. ಆಯಿತು, ಮೈಸೂರಿನಲ್ಲಿ ಎಂ.ಫಿಲ್.ಗೆ ಸೇರಿದೆ. ಗೈಡ್ ಸರ್ ಕೊಟ್ಟ ವಿಷಯ ಹೊಸ ಬಗೆಯದು. ನಾನು ಯಾರನ್ನೂ ಮಾತಾಡಿಸಬೇಕಿಲ್ಲ. ಬೇರೆಯವರು ಹೆಂಗಸರನ್ನು ಮಾತಾಡಿಸಿ ಬರೆದ ಅಧ್ಯಯನಗಳನ್ನೆಲ್ಲ ಕೂಡಿಸಿ ಓದಬೇಕು, ಅವುಗಳಿಂದ ಹೊರಡುವ ಒಂದೊಂದು ತೀರ್ಮಾನವನ್ನೂ ಎಷ್ಟು ನಂಬಬಹುದು ಎಂದು ತೂಗಬೇಕು. “ಮಾತು ಯಾರದು, ಕೇಳಿದವರು ಯಾರು, ಆಡಿದ ಮಾತಿಗೂ ಇವರು ತೆಗೆದ ಅರ್ಥಕ್ಕೂ ತಾಳೆ ಇದೆಯಾ ನೋಡಮ್ಮ” ಎನ್ನುತ್ತಿದ್ದರು ಸರ್. “ಬೇರೆ ಬೇರೆ ಊರಿನ ಬೇರೆ ಬೇರೆ ಬಾಯಿಂದ ಒಂದೇ ಮಾತು ಬಂದರೆ ಮಾತ್ರ ತಕ್ಕಡಿ ಕೆಳಗಿಳೀಬೇಕು.” ಒಳ್ಳೆಯ ಮೇಷ್ಟ್ರು. ಮೋಸ ಅವರ ಕ್ರಮದಲ್ಲಿರಲಿಲ್ಲ.

ಲೈಬ್ರರಿಯಲ್ಲಿ ಒಂದು ವರದಿ ಓದುತ್ತಿದ್ದೆ. ನದಿ ತೀರದ ಹಳ್ಳಿಯ ತಾಯಿಯೊಬ್ಬಳು ಎರಡು ಹೊಳೆಗಳ ಸಂಗಮದ ಮೇಲಿನ ಭಕ್ತಿಯಿಂದ ಮನೆಯಲ್ಲೇ ಹೆರುತ್ತಾಳೆ ಎಂದಿತ್ತು. ಇನ್ನೊಂದರಲ್ಲಿ ದಕ್ಷಿಣ ಕರ್ನಾಟಕದ ಕೃಷಿ ಕೂಲಿ ಮಹಿಳೆ — ಅದೇ ಎರಡು ಹೊಳೆ. ಮೂರನೆಯದರಲ್ಲಿ ಹೆಸರು ಬದಲಿಸಿದ ಮತ್ತೊಬ್ಬಳು, ಅವಳಿಗೂ ಅದೇ ಎರಡು ಹೊಳೆ. ಬರೆದವರು ಬೇರೆ, ಅಚ್ಚಾದ ಜಾಗ ಬೇರೆ. ಒಳಗೆ ಕೂತು ಮಾತಾಡುತ್ತಿದ್ದವಳು ಮಾತ್ರ ಒಬ್ಬಳೇ, ನನ್ನ ಚಿಕ್ಕವ್ವ. ಅಲ್ಲ, ಅವಳೂ ಅಲ್ಲ. ಅವಳ ಬಾಯಿಗೆ ನಾನು ತುರುಕಿದ ಮಾತು. ಒಂದೇ ಕ್ಯಾಸೆಟ್ಟಿನಿಂದ ನಾನು ಬರೆದುಕೊಟ್ಟದ್ದನ್ನೇ ಎಲ್ಲರೂ ಹಂಚಿಕೊಂಡಿದ್ದರು. ಇವನ್ನು ತೆಗೆದರೆ ಉಳಿದ ಅಧ್ಯಯನಗಳಲ್ಲಿ ಸಂಪ್ರದಾಯದ ಮಾತು ಅಲ್ಲೊಂದು ಇಲ್ಲೊಂದು ಸಾಲು, ಅಷ್ಟೇ.

ಸರ್ ಹತ್ತಿರ ಹೋಗಿ ಹೇಳಬೇಕಿತ್ತು. ಬಾಗಿಲವರೆಗೆ ಹೋದೆ ಕೂಡ. ಹೇಳಿದರೆ ಪ್ರಬಂಧದ ಬೆನ್ನೆಲುಬೇ ಮುರಿಯುತ್ತದೆ, ನಾನು ತಿರುಚಿದ್ದೂ ಏಕೆ ತಿರುಚಿದೆ ಎನ್ನುವುದೂ ಹೊರಬರುತ್ತದೆ. ಕಿವಿಯಲ್ಲಿ ದೊಡ್ಡಪ್ಪನ ಆಗಾಕಿಲ್ಲ. ತಿರುಗಿ ಬಂದು, ಸಂಪ್ರದಾಯವೇ ಮುಖ್ಯ ಅಡ್ಡಿ ಎಂಬ ತೀರ್ಮಾನದ ಮುಂದೆ ‘ಹೆಚ್ಚು ನಂಬಬಹುದು’ ಎಂದು ಬರೆದೆ. ಮಸಿ ಆರುವ ಮೊದಲೇ ಮುಂದಿನ ಪುಟಕ್ಕೆ ಹೋದೆ. 

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ವಯಸ್ಸಾದ ಪ್ರೊಫೆಸರ್ ಅದೇ ಪುಟದ ಮೇಲೆ ಬೆರಳಿಟ್ಟರು. “ಇಷ್ಟು ಗಟ್ಟಿಯಾಗಿ ನಂಬಬಹುದು ಅಂತೀಯಲ್ಲಮ್ಮ, ಈ ಹೆಂಗಸರೆಲ್ಲ ಬೇರೆ ಬೇರೆಯವರು ತಾನೆ?”

“ಹೌದು ಸರ್. ಬೇರೆ ಬೇರೆಯವರೇ.”

ಅಷ್ಟೇ. ಅವರು ಪುಟ ಮಗುಚಿದರು.

ಪ್ರಬಂಧದ ಸಾರಾಂಶ ಕನ್ನಡದಲ್ಲಿ ಬೇಕೆಂದು ವಿಭಾಗದವರು ಕೇಳಿದರು, ಬರೆದುಕೊಟ್ಟೆ. ಅದು ಯಾವ ಸಮಿತಿಗೆ ಹೋಯಿತೋ, ಮಾರನೆಯ ವರ್ಷ ನರಸೀಪುರದ ಕಡೆಯ ಊರುಗಳಲ್ಲಿ ‘ಮೂಢನಂಬಿಕೆ ಬಿಡಿ, ಆಸ್ಪತ್ರೆಗೆ ನಡೆಯಿರಿ’ ಎಂದು ಗೋಡೆ ಬರಹ ಬಂತು. ಚಿಕ್ಕವ್ವನ ಬೀದಿಯಲ್ಲಿ ನಾಟಕವೂ ಆಯಿತು, ನನ್ನನ್ನು ಅತಿಥಿಯೆಂದು ಕುರ್ಚಿಯಲ್ಲಿ ಕೂರಿಸಿದ್ದರು. ಗಂಡಸೊಬ್ಬ ಸೀರೆ ಉಟ್ಟು, ಎಲೆಅಡಿಕೆ ಉಗಿಯುತ್ತ, ಸೊಸೆಯನ್ನು ಆಸ್ಪತ್ರೆಗೆ ಬಿಡದೆ “ಆಗಾಕಿಲ್ಲ, ನಮ್ಮೊಳೆವ್ವಂಗೆ ಆಗಾಕಿಲ್ಲ” ಎಂದು ಕುಣಿಯುತ್ತಿದ್ದ. ಬೀದಿಯೆಲ್ಲ ಬಿದ್ದು ಬಿದ್ದು ನಕ್ಕಿತು.

“ಅಯ್ಯ, ಇವನ್ಯಾರ್ಲಾ, ನನ್ನಂಗೇ ಆಡ್ತಾನಲ್ಲ!” ಎಂದು ಚಿಕ್ಕವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಪಕ್ಕದಲ್ಲಿ ಭಾಗ್ಯ, ತುಂಬಿದ ಬಸುರಿ, ತವರಿಗೆ ಬಂದಿದ್ದಳು.

ನಾಟಕ ನೋಡಿದ ಭಾಗ್ಯ ಹಟ ಹಿಡಿದು ಆಸ್ಪತ್ರೆಗೇ ಹೋದಳು. ನನ್ನ ಮೇಲೂ ಅವಳಿಗೆ ನಂಬಿಕೆ — ಅಕ್ಕ ಓದಿದವಳು, ಅಕ್ಕ ಎಲ್ಲ ಬರೆದಿದ್ದಾಳೆ, ಈಗ ಒಳಗೆ ಮಲಗಿಸುತ್ತಾರೆ. ಮಲಗಿಸಲಿಲ್ಲ. ಅದೇ ಜಗುಲಿ. ಕೂಗಿದಾಗ ಯಾರೂ ಬೇಗ ಬರಲಿಲ್ಲವಂತೆ. ಮಗು ಅಳಲೇ ಇಲ್ಲ.

ಒಳಗೆ ಮಲಗಿಸಿದ್ದರೆ ಮಗು ಉಳಿಯುತ್ತಿತ್ತೇ? ಗೊತ್ತಿಲ್ಲ. ಆ ‘ಗೊತ್ತಿಲ್ಲ’ದ ಹಿಂದೆ ಅಡಗಿ ಕೂರುವ ಹಕ್ಕು ನನಗಿಲ್ಲ.

ನಾನು ಹೋದಾಗ ಭಾಗ್ಯ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಚಿಕ್ಕವ್ವ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. “ನಾ ಯೋಳ್ದೆ, ನೀ ಬರ್ದೆ. ಆ ನನ್ಮಕ್ಕಳು ಓದ್ನಿಲ್ಲ ಕಣವ್ವ, ಓದಿದ್ರೆ ಇಂಗಾಯ್ತಿತ್ತಾ” ಎಂದು ನನ್ನ ತಲೆ ಸವರಿದಳು. ಆಗ ಬಾಯಿ ಬಿಡಬೇಕಿತ್ತು. ತಲೆ ತಗ್ಗಿಸಿ ಸವರಿಸಿಕೊಂಡೆ.

ಈಗ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅಧ್ಯಯನಗಳೆಲ್ಲ ಹೀಗೇ ಹೇಳುತ್ತವೆ ಮೇಡಂ ಎಂದು ಮಕ್ಕಳು ಬರೆದು ತಂದರೆ, ಆಡಿದವರು ಯಾರು, ದಾಟಿಸಿದವರು ಯಾರು ಎಂದು ಕೇಳುತ್ತೇನೆ.  ತಿದ್ದಲು ಹೊರಟೆ ಕೂಡ. ಆ ಸಂಸ್ಥೆ ಮುಚ್ಚಿ ಹೋಗಿದೆ, ಕ್ಯಾಸೆಟ್ ಎಲ್ಲಿದೆಯೋ ಹೇಳುವವರಿಲ್ಲ, ಗೈಡ್ ಸರ್ ತೀರಿಕೊಂಡರು. ಆಚೆಗೆ ಬಂದ ಬರಹಗಳು ನನ್ನ ಪ್ರಬಂಧವನ್ನೇ ಆಧಾರವೆಂದು ತೋರಿಸುತ್ತವೆ, ಹಾಗಾಗಿ ಆ ಸುಳ್ಳಿಗೆ ಈಗ ಇನ್ನೂ ಒಂದು ಬಾಯಿ ಸೇರಿದೆ. ಯಾರ ಬಾಗಿಲು ತಟ್ಟಲಿ? ನನಗೆ ಉಳಿದಿರುವುದು ಇದನ್ನು ಬರೆಯುವುದೊಂದೇ. ಇದರಿಂದ ಆ ಜಗುಲಿಯ ಒಂದು ಕಲ್ಲೂ ಅಲುಗುವುದಿಲ್ಲ ಎಂದು ಗೊತ್ತು.

ಇನ್ನು ಒಂದೇ ಒಂದು ಉಳಿದಿದೆ. ಎಲ್ಲಕ್ಕಿಂತ ಹೇಳಲು ಕಷ್ಟವಾದದ್ದು.

ಭಾಗ್ಯನ ಮಗು ಹೋದ ಕೆಲವು ತಿಂಗಳಿಗೆ ಘಟಿಕೋತ್ಸವ ಬಂತು. ಸರ್ಟಿಫಿಕೇಟ್ ಹಿಡಿದು ಊರಿಗೆ ಬಂದೆ. ಅವ್ವ ಸಕ್ಕರೆ ಹಂಚಿದಳು, ನರಸೀಪುರದ ಬಸ್ಸಿಗೆ ಚಿಕ್ಕವ್ವನೂ ಬಂದಿಳಿದಳು. ದೊಡ್ಡಪ್ಪ ಕಟ್ಟೆಯ ಮೇಲಿಂದ ಎದ್ದು ಬಂದು, “ಎಮ್ಮೆ ಆಯ್ತು, ಇದೇನವ್ವ ಇನ್ನು, ಅದ್ರ ಕರಾನಾ?” ಎಂದು ನಕ್ಕು, ಆಮೇಲೆ ನಗು ನಿಲ್ಲಿಸಿ ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡರು. ಆ ಗಳಿಗೆಗಾಗಿ ನಾನು ಎಷ್ಟು ವರ್ಷ ಕಾದಿದ್ದೆ.

ಸರ್ಟಿಫಿಕೇಟನ್ನು ಚಿಕ್ಕವ್ವನ ಕೈಗೆ ಕೊಟ್ಟೆ. ಅವಳು ಮೊದಲು ಸೆರಗಿಗೆ ಕೈ ಒರೆಸಿಕೊಂಡಳು. ಅಂಚಿನಲ್ಲಷ್ಟೇ ಹಿಡಿದು, ಮುದ್ರೆಯ ಮೇಲೆ ಒಂದು ಬೆರಳು ಆಡಿಸಿದಳು. ಒಂದಕ್ಷರ ಓದಲು ಬಾರದವಳು ಮೇಲಿನಿಂದ ಕೆಳಗಿನವರೆಗೆ ಕಣ್ಣಾಡಿಸಿದಳು.

“ಎಲ್ಲದೆ ಮಗಾ, ತೋರ್ಸು,” ಎಂದಳು. “ನಾ ಯೋಳಿದ್ದು ಇದ್ರಲ್ಲಿ ಎಲ್ಲದೆ?”